ಒಂದೇ ಜಾಗ, ಉದ್ದದ ಸರದಿ: ಮಹಿಳಾ ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್ ಆಗಿ ಬದುಕುವುದೆಂದರೆ

2007ರ ಸೆಪ್ಟೆಂಬರ್ 10, ಶಾಂಘೈ. ಮಹಿಳಾ ವಿಶ್ವಕಪ್‌ನ ಮೊದಲ ಪಂದ್ಯ. ಒಂದು ತುದಿಯ ಗೋಲ್‌ಪೋಸ್ಟ್ ಕೆಳಗೆ ಜರ್ಮನಿಯ ನಾಡಿನ್ ಆಂಗರರ್, ಇನ್ನೊಂದು ತುದಿಯಲ್ಲಿ ಅರ್ಜೆಂಟೀನಾದ ವನಿನಾ ಕೊರೆಯಾ. 12ನೇ ನಿಮಿಷಕ್ಕೆ ಮೊದಲ ಗೋಲು ಬಿತ್ತು. ಅದು ಕೊರೆಯಾ ಹೆಸರಿಗೇ ದಾಖಲಾದ ಸ್ವಂತ ಗೋಲು. ಆಮೇಲೆ ಸಾಲುಸಾಲಾಗಿ ಬಿದ್ದವು. ಪಂದ್ಯ ಮುಗಿದಾಗ ಸ್ಕೋರು 11–0.

ಆಂಗರರ್ ಆ ದಿನ ಗೋಲು ಬಿಡಲಿಲ್ಲ. ಮುಂದಿನ 5 ಪಂದ್ಯಗಳಲ್ಲೂ ಬಿಡಲಿಲ್ಲ. ಬ್ರೆಜಿಲ್ ವಿರುದ್ಧದ ಫೈನಲ್‌ನಲ್ಲಿ ಮಾರ್ತಾ ಹೊಡೆದ ಪೆನಾಲ್ಟಿಯನ್ನೂ ತಡೆದರು. 6 ಪಂದ್ಯ, 540 ನಿಮಿಷ, ಒಂದೂ ಗೋಲು ಇಲ್ಲ. ಪುರುಷರ ವಿಶ್ವಕಪ್‌ನಲ್ಲಿ ಇಟಲಿಯ ವಾಲ್ಟರ್ ಜೆಂಗಾ 1990ರಲ್ಲಿ ಮಾಡಿದ್ದ 517 ನಿಮಿಷಗಳ ದಾಖಲೆಯನ್ನೂ ಅವರು ದಾಟಿದ್ದರು.

ಅಂಕಿ ಮಾತ್ರ ನೋಡಿದರೆ ಒಬ್ಬರು ಮಹಾ ಗೋಲ್‌ಕೀಪರ್, ಇನ್ನೊಬ್ಬರು ಸೋತವರು. ಆದರೆ ಗೋಲ್‌ಕೀಪರ್ ವೃತ್ತಿಯನ್ನು ಹಾಗೆ ಓದಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಆ ಶಾಂಘೈ ಪಂದ್ಯದಲ್ಲಿ ನಿಂತಿದ್ದ ಆಂಗರರ್‌ಗೆ ಆಗ 28 ವರ್ಷ. ದೇಶದ ತಂಡಕ್ಕೆ ಮೊದಲ ಸಲ ಆಡಿದ್ದು 1996ರಲ್ಲಿ, 17ನೇ ವಯಸ್ಸಿನಲ್ಲಿ. ಮಧ್ಯದ 11 ವರ್ಷ ಅವರು ಏನು ಮಾಡುತ್ತಿದ್ದರು? ಬಹುಪಾಲು ಬೆಂಚಿನ ಮೇಲೆ ಕೂತಿದ್ದರು. ಸ್ಟ್ರೈಕರ್ ಒಬ್ಬಳು ಇಷ್ಟು ವರ್ಷ ಬೆಂಚಿನಲ್ಲಿ ಕೂತರೆ ಅವಳ ಕಥೆ ಮುಗಿದ ಹಾಗೆ. ಗೋಲ್‌ಕೀಪರ್ ವಿಷಯದಲ್ಲಿ ಹಾಗಲ್ಲ. ಈ ಕೆಲಸದ ಗಡಿಯಾರವೇ ಬೇರೆ.

ಸರದಿ ಏಕೆ ಇಷ್ಟು ಉದ್ದ

ಕಾರಣ ಸರಳ. ತಂಡದಲ್ಲಿ ಡಿಫೆಂಡರ್‌ಗಳು ನಾಲ್ವರು ಇರಬಹುದು, ಮಿಡ್‌ಫೀಲ್ಡ್‌ನಲ್ಲಿ ಮೂವರೋ ನಾಲ್ವರೋ. ಯಾರಾದರೂ ಸುಸ್ತಾದರೆ 70ನೇ ನಿಮಿಷಕ್ಕೆ ಹೊಸಬಳನ್ನು ಇಳಿಸುತ್ತಾರೆ. ಎಡಗಡೆ ಆಡುವವಳನ್ನು ಬಲಗಡೆಗೆ ಹಾಕಿ ನೋಡುತ್ತಾರೆ. ಹೀಗೆ ಸಣ್ಣಪುಟ್ಟ ಅವಕಾಶ ಸಿಗುತ್ತಲೇ ಇರುತ್ತದೆ. ಗೋಲ್‌ಕೀಪರ್ ಜಾಗ ಮಾತ್ರ ಒಂದೇ. ಅಲ್ಲಿ ನಿಂತವಳು ಓಡಿ ದಣಿಯುವುದು ಕಡಿಮೆ, ಹಾಗಾಗಿ ಬದಲಿಸುವ ಅಗತ್ಯವೂ ಬರುವುದಿಲ್ಲ. ಅವಳಿಗೆ ಗಾಯವಾಗಬೇಕು, ಕೆಂಪು ಕಾರ್ಡ್ ಸಿಗಬೇಕು, ಇಲ್ಲವೇ ಕೋಚ್‌ಗೆ ಅವಳ ಮೇಲಿನ ನಂಬಿಕೆ ಹೋಗಬೇಕು. ಎರಡನೆಯವಳು ಗ್ಲೌಸ್ ಹಾಕಿಕೊಂಡು ಕಾಯುವುದು ಇಂಥದ್ದಕ್ಕೆ. ಅದೂ ತನ್ನದೇ ಗೆಳತಿಗೆ ಆಗುವ ಅನಾಹುತಕ್ಕೆ. ಬಾಯಿಬಿಟ್ಟು ಹೇಳುವ ಹಾಗಿಲ್ಲ, ಅಲ್ವಾ?

ವಿಶ್ವಕಪ್ ತಂಡದಲ್ಲಿ ಕನಿಷ್ಠ ಮೂವರು ಗೋಲ್‌ಕೀಪರ್‌ಗಳು ಇರಲೇಬೇಕು ಎಂಬ ನಿಯಮವಿದೆ. ಅವರಲ್ಲಿ ಇಬ್ಬರು ಸಾಮಾನ್ಯವಾಗಿ ಒಂದು ನಿಮಿಷವೂ ಆಡದೆ ಮನೆಗೆ ಹೋಗುತ್ತಾರೆ.

ಅಮೆರಿಕದ ತಂಡವನ್ನೇ ನೋಡಿ. 1995ರಿಂದ 2023ರವರೆಗೆ 8 ಮಹಿಳಾ ವಿಶ್ವಕಪ್‌ಗಳು ನಡೆದವು. ಆ ತಂಡದ ಮುಖ್ಯ ಗೋಲ್‌ಕೀಪರ್ ಆಗಿದ್ದವರು ಮೂವರೇ: ಬ್ರಿಯಾನಾ ಸ್ಕರಿ, ಹೋಪ್ ಸೋಲೊ, ಅಲಿಸ್ಸಾ ನೇಯರ್. 28 ವರ್ಷದಲ್ಲಿ ಮೂವರು! ಈ ಅವಧಿಯಲ್ಲಿ ಆ ದೇಶದಲ್ಲಿ ಎಷ್ಟು ಒಳ್ಳೆಯ ಗೋಲ್‌ಕೀಪರ್‌ಗಳು ಬೆಳೆದು, ಕಾದು, ಸುಮ್ನೆ ಹಿಂದೆ ಸರಿದಿರಬಹುದು ಯೋಚಿಸಿ. ನೇಯರ್ ವಿಶ್ವಕಪ್‌ನಲ್ಲಿ ಮೊದಲ ಸಲ ಆಡಿದ್ದು 2019ರಲ್ಲಿ, 31ನೇ ವಯಸ್ಸಿಗೆ. ಆ ಸಲ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್‌ನ ಪೆನಾಲ್ಟಿ ತಡೆದು ತಂಡವನ್ನು ಫೈನಲ್‌ಗೆ ದಾಟಿಸಿದರು. 2024ರ ಒಲಿಂಪಿಕ್ ಚಿನ್ನ ಗೆದ್ದು ಅದೇ ವರ್ಷ ದೇಶದ ತಂಡದಿಂದ ನಿವೃತ್ತರಾದರು. ಅಂದರೆ ಅವರ ವೃತ್ತಿಯ ಹೊಳೆಯುವ ಭಾಗವೆಲ್ಲ 30 ದಾಟಿದ ಮೇಲಿನದು.

ಕೋಚ್‌ಗಳು ಯಾಕೆ ಬದಲಿಸಲು ಹೆದರುತ್ತಾರೆ ಎಂಬುದಕ್ಕೆ 2007ರ ಅದೇ ವಿಶ್ವಕಪ್‌ನಲ್ಲಿ ಒಂದು ಪಾಠ ಸಿಕ್ಕಿತು. ಸೋಲೊ ಸತತ 3 ಪಂದ್ಯಗಳಲ್ಲಿ ಗೋಲು ಬಿಟ್ಟಿರಲಿಲ್ಲ. ಆದರೂ ಬ್ರೆಜಿಲ್ ವಿರುದ್ಧದ ಸೆಮಿಫೈನಲ್‌ಗೆ ಕೋಚ್ ಗ್ರೆಗ್ ರಯಾನ್ ಅವರನ್ನು ಕೂರಿಸಿ, ಹಳಬರಾದ ಸ್ಕರಿಯನ್ನು ಇಳಿಸಿದರು. ಬ್ರೆಜಿಲ್ ಎದುರು ಸ್ಕರಿ ಮೊದಲು ಚೆನ್ನಾಗಿ ಆಡಿದ್ದರು ಎಂಬುದು ಅವರ ಲೆಕ್ಕ. ಲೆಕ್ಕ ತಲೆಕೆಳಗಾಯಿತು, ಅಮೆರಿಕ 0–4ರಿಂದ ಸೋತಿತು. ತಾನಿದ್ದಿದ್ದರೆ ಆ ಚೆಂಡುಗಳನ್ನು ತಡೆಯುತ್ತಿದ್ದೆ ಎಂದು ಸೋಲೊ ಮಾಧ್ಯಮದ ಮುಂದೆ ಹೇಳಿಬಿಟ್ಟರು. ಮೂರನೇ ಸ್ಥಾನದ ಪಂದ್ಯಕ್ಕೆ ಅವರನ್ನು ತಂಡದಿಂದ ದೂರ ಇಟ್ಟರು. ಮುಂದಿನ ವರ್ಷ ಬೀಜಿಂಗ್ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ಅದೇ ಬ್ರೆಜಿಲ್ ಎದುರು ಸೋಲೊ ನಿಂತರು, 1–0ರಿಂದ ಚಿನ್ನ ಬಂತು. ಇದರಲ್ಲಿ ಯಾರದು ಸರಿ ಎಂದು ತೀರ್ಪು ಕೊಡುವುದು ಕಷ್ಟ. ಸೋಲೊ ಮಾತು ಖಾರವಾಗಿತ್ತು, ನಿಜ. ಆದರೆ ಸ್ಕರಿ ಮೇಲೆ ಬಿದ್ದ ಭಾರವೂ ಅನ್ಯಾಯದ್ದೇ. ವಾರಗಟ್ಟಲೆ ಪಂದ್ಯವಿಲ್ಲದೆ ಕೂತವರನ್ನು ಎಬ್ಬಿಸಿ ಸೆಮಿಫೈನಲ್ ಆಡಿ ಎಂದರೆ ಹೇಗೆ?

ಇನ್ನೊಂದು ಕಾರಣವೂ ಇದೆ, ಟಿವಿಯಲ್ಲಿ ಅದು ಕೇಳಿಸುವುದಿಲ್ಲ. ಗೋಲ್‌ಕೀಪರ್‌ಳ ದನಿ. ಇಡೀ ಮೈದಾನ ಮುಂದೆ ಕಾಣುವುದು ಅವಳೊಬ್ಬಳಿಗೇ. ಕ್ರಾಸ್, ಅಂದರೆ ಮೈದಾನದ ಬದಿಯಿಂದ ಗೋಲಿನ ಮುಂದಕ್ಕೆ ಹಾಕಿದ ಚೆಂಡು, ಬಂದಾಗ ಅವಳು "ಕೀಪರ್!" ಎಂದು ಕೂಗಿದರೆ ಚೆಂಡು ತನ್ನದು, ನೀವು ಪಕ್ಕಕ್ಕೆ ಸರಿಯಿರಿ ಎಂದರ್ಥ. "ಅವೇ!" ಎಂದರೆ ನಾನು ಬರುತ್ತಿಲ್ಲ, ನೀವೇ ಹೊಡೆದು ಕಳಿಸಿ ಎಂದರ್ಥ. ಆ ಒಂದು ಪದ ಅರ್ಧ ಸೆಕೆಂಡ್ ತಡವಾದರೂ ಡಿಫೆಂಡರ್ ಮತ್ತು ಕೀಪರ್ ಇಬ್ಬರೂ ಚೆಂಡು ಬಿಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಈ ಹೊಂದಾಣಿಕೆ ಬೆಳೆಯಲು ತಿಂಗಳುಗಳು ಬೇಕು. ಅದಕ್ಕೇ ಒಮ್ಮೆ ಕೂತ ಜೋಡಿಯನ್ನು ಕೋಚ್‌ಗಳು ಕದಲಿಸುವುದಿಲ್ಲ.

ಗೋಲ್‌ಕೀಪರ್ ಹುಟ್ಟುವುದು ಹೇಗೆ

ಸೋಲೊ ಶಾಲೆಯಲ್ಲಿ ಫಾರ್ವರ್ಡ್ ಆಗಿದ್ದರು, 109 ಗೋಲು ಹೊಡೆದಿದ್ದರು. ಪೂರ್ತಿಯಾಗಿ ಗೋಲ್‌ಕೀಪರ್ ಆಗಿದ್ದು ಕಾಲೇಜಿಗೆ ಬಂದ ಮೇಲೆ. ಆಂಗರರ್ ಕೂಡ ಚಿಕ್ಕಂದಿನಲ್ಲಿ ಮುಂದೆ ಆಡುತ್ತಿದ್ದವರು. ಒಮ್ಮೆ ತಂಡದ ಕೀಪರ್‌ಗೆ ಗಾಯವಾಗಿ, ಅವರು ಗ್ಲೌಸ್ ಹಾಕಿಕೊಂಡರು, ಅಲ್ಲಿಂದ ದಾರಿಯೇ ಬದಲಾಯಿತು. ಇಂಥ ಕಥೆಗಳು ಈ ಆಟದಲ್ಲಿ ಜಾಸ್ತಿ. ಆರೇಳು ವರ್ಷದಿಂದಲೇ ಗೋಲ್‌ಕೀಪಿಂಗ್ ಕಲಿಸುವ ವ್ಯವಸ್ಥೆ ಹುಡುಗಿಯರಿಗೆ ಬಹಳ ಕಡೆ ಇರಲಿಲ್ಲ. ಯಾರೋ ಬರಲಿಲ್ಲ ಎಂದು ನಿಂತವಳೇ ಗೋಲ್‌ಕೀಪರ್ ಆಗುತ್ತಿದ್ದಳು.

ಕಲಿಯುವುದು ಏನನ್ನು? ಎಲ್ಲರ ಕಣ್ಣಿಗೆ ಬೀಳುವುದು ಗಾಳಿಯಲ್ಲಿ ಹಾರುವ ಡೈವ್. ಆದರೆ ಒಳ್ಳೆಯ ಗೋಲ್‌ಕೀಪರ್ ಕಡಿಮೆ ಹಾರುತ್ತಾಳೆ. ಹಾರಬೇಕಾದ ಸಂದರ್ಭವೇ ಬರದ ಹಾಗೆ ಮೊದಲೇ ಸರಿಯಾದ ಜಾಗದಲ್ಲಿ ನಿಂತಿರುತ್ತಾಳೆ.

ಇದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡೋಣ. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಚೆಂಡು ಗೋಲಿನ ನೇರಕ್ಕೆ 11 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಕೀಪರ್ ಗೆರೆಯ ಮೇಲೇ ನಿಂತರೆ ಅವಳು ಕಾಯಬೇಕಾದ ಅಗಲ ಪೂರ್ತಿ 7.32 ಮೀಟರ್. ಅವಳು 3 ಮೀಟರ್ ಮುಂದೆ ಬಂದರೆ ಚೆಂಡಿಗೂ ಅವಳಿಗೂ 8 ಮೀಟರ್ ಉಳಿಯುತ್ತದೆ. ಆ ಜಾಗದಲ್ಲಿ ಕಾಯಬೇಕಾದ ಅಗಲ ಸುಮಾರು 5.3 ಮೀಟರ್‌ಗೆ ಇಳಿಯುತ್ತದೆ. ಅಂಗೈಯನ್ನು ಕಣ್ಣಿನ ಹತ್ತಿರ ತಂದಷ್ಟೂ ಎದುರಿನ ಕಿಟಕಿ ಜಾಸ್ತಿ ಮರೆಯಾಗುತ್ತದಲ್ಲ, ಅದೇ ಲೆಕ್ಕ. 2 ಮೀಟರ್ ಉಳಿತಾಯ ಎಂದರೆ ಹುಡುಗಾಟವಲ್ಲ, ಒಬ್ಬಳು ಮನುಷ್ಯಳ ಎತ್ತರಕ್ಕಿಂತ ಜಾಸ್ತಿ.

ಆದರೆ ಪುಕ್ಕಟೆ ಏನೂ ಸಿಗುವುದಿಲ್ಲ. ಚೆಂಡು ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಬಂದರೆ 11 ಮೀಟರ್ ದಾಟಲು 0.44 ಸೆಕೆಂಡ್ ಬೇಕು, 8 ಮೀಟರ್‌ಗೆ 0.32 ಸೆಕೆಂಡ್ ಸಾಕು. ಮುಂದೆ ಬಂದಷ್ಟೂ ಸಮಯ ಕಡಿಮೆ. ಮೇಲಾಗಿ ತಲೆ ಮೇಲಿಂದ ಚೆಂಡನ್ನು ಎತ್ತಿ ಹಾಕುವ ಅಪಾಯವೂ ಇದೆ. ಹಾಗಾದರೆ ಎಷ್ಟು ಮುಂದೆ ಬರಬೇಕು? ಅದನ್ನು ಪುಸ್ತಕ ಹೇಳುವುದಿಲ್ಲ. ಹೊಡೆಯುವವಳ ತಲೆ ಕೆಳಗಿದೆಯೋ ಮೇಲಿದೆಯೋ, ಕೊನೆಯ ಹೆಜ್ಜೆ ಉದ್ದವೋ ಗಿಡ್ಡವೋ, ಚೆಂಡು ಅವಳ ಕಾಲಿಗೆ ಅಂಟಿದೆಯೋ ಒಂದು ಗೇಣು ಮುಂದೆ ಹೋಗಿದೆಯೋ ಎಂದು ನೋಡಿ ಅಂದಾಜು ಮಾಡಬೇಕು. ಸಾವಿರಾರು ಸಲ ತಪ್ಪಿದ ಮೇಲೆ ಬರುವ ಅಂದಾಜು ಅದು. ಈ ಕೆಲಸದಲ್ಲಿ 30 ದಾಟಿದವರು ಹಿಡಿತ ಸಾಧಿಸುವುದು ಇದಕ್ಕೇ. ಓಟದ ವೇಗ ಸ್ವಲ್ಪ ಕುಂದಿದರೂ ಕಣ್ಣು ಹರಿತವಾಗುತ್ತಲೇ ಹೋಗುತ್ತದೆ.

ಹೊಡೆಯುವ ಕ್ಷಣವನ್ನು ಒಮ್ಮೆ ನಿಧಾನಗತಿಯಲ್ಲಿ ನೋಡಿ. ಅಲ್ಲಿಯವರೆಗೆ ಪಕ್ಕಕ್ಕೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಿದ್ದ ಕೀಪರ್, ಎದುರಾಳಿ ಕಾಲು ಹಿಂದಕ್ಕೆ ಎತ್ತುತ್ತಿದ್ದಂತೆ ಒಂದು ಪುಟ್ಟ ಕುಪ್ಪಳಿಕೆ ಹಾಕಿ ಎರಡೂ ಪಾದ ನೆಲಕ್ಕೆ ಊರುತ್ತಾಳೆ. ಮಂಡಿ ಸ್ವಲ್ಪ ಮಡಚಿ, ಭಾರ ಬೆರಳುಗಳ ಮೇಲೆ, ಕೈ ಸೊಂಟದ ಮುಂದೆ. ಚೆಂಡು ಕಾಲಿನಿಂದ ಹೊರಡುವ ಹೊತ್ತಿಗೆ ಅವಳು ಅಲುಗಾಡುತ್ತಿರಬಾರದು. ಹೆಜ್ಜೆಯ ಮಧ್ಯೆ ಸಿಕ್ಕಿಬಿದ್ದರೆ, ಇನ್ನೊಂದು ಕಡೆಗೆ ತಿರುಗುವಷ್ಟರಲ್ಲಿ ಚೆಂಡು ಬಲೆಯಲ್ಲಿರುತ್ತದೆ. ಗೆಳೆಯರ ಆಟದಲ್ಲಿ ಒಂದೆರಡು ಸಲ ನಾನೂ ಗೋಲಿಗೆ ನಿಂತಿದ್ದೇನೆ. ಬಿಟ್ಟ ಗೋಲುಗಳೆಲ್ಲ ಹೆಚ್ಚುಕಡಿಮೆ ಹೀಗೇ ಬಿಟ್ಟಿದ್ದು. ಕಾಲು ಗಾಳಿಯಲ್ಲಿತ್ತು.

ಗೋಲು ದೊಡ್ಡದೋ, ತರಬೇತಿ ಸಣ್ಣದೋ

ಮಹಿಳಾ ಗೋಲ್‌ಕೀಪರ್‌ಗಳ ಬಗ್ಗೆ ಮಾತು ಬಂದಾಗ ಈ ವಾದ ಬಂದೇ ಬರುತ್ತದೆ. ಗೋಲಿನ ಅಳತೆ ಪುರುಷರಿಗೂ ಮಹಿಳೆಯರಿಗೂ ಒಂದೇ. ಪುರುಷರ ದೊಡ್ಡ ಕ್ಲಬ್‌ಗಳಲ್ಲಿ 1.90 ಮೀಟರ್ ಎತ್ತರದ ಗೋಲ್‌ಕೀಪರ್ ಸಾಮಾನ್ಯ. ಆಂಗರರ್, ಸೋಲೊ ಇಬ್ಬರೂ ಸುಮಾರು 1.75. ಇಂಗ್ಲೆಂಡ್‌ನ ಮೇರಿ ಅರ್ಪ್ಸ್ 1.73. ಅಡ್ಡಕಂಬದ ಹತ್ತಿರ ಬೀಳುವ ಚೆಂಡಿಗೆ ಈ ಒಂದು ಗೇಣಿನ ವ್ಯತ್ಯಾಸ ದೊಡ್ಡದೇ. ಅದಕ್ಕೇ ಮಹಿಳೆಯರಿಗೆ ಗೋಲನ್ನು ಚಿಕ್ಕದು ಮಾಡಬಾರದೇ ಎಂದು ಕೆಲವು ಕೋಚ್‌ಗಳೂ ಕೇಳಿದ್ದುಂಟು.

ನನಗೆ ಆ ವಾದ ಅಷ್ಟು ಒಪ್ಪುವುದಿಲ್ಲ. ಎತ್ತರ ಒಂದು ಭಾಗ ಮಾತ್ರ. ಮಹಿಳಾ ತಂಡಗಳಲ್ಲಿ ಗೋಲ್‌ಕೀಪರ್‌ಗೆಂದೇ ಪ್ರತ್ಯೇಕ ಕೋಚ್ ಇರುವುದು ಬಹುಕಾಲ ದೊಡ್ಡ ಐಷಾರಾಮ ಆಗಿತ್ತು. ಉಳಿದವರೆಲ್ಲ ಪಾಸ್ ಅಭ್ಯಾಸ ಮಾಡುವಾಗ ಕೀಪರ್ ಒಂದು ಮೂಲೆಯಲ್ಲಿ ನಿಂತಿರುತ್ತಿದ್ದಳು. ಕೊನೆಗೆ ಎಲ್ಲರೂ ಸಾಲಾಗಿ ಬಂದು ಅವಳ ಕಡೆ ಚೆಂಡು ಹೊಡೆದು ಹೋಗುತ್ತಿದ್ದರು. ಅದು ಹೊಡೆಯುವವರ ಅಭ್ಯಾಸ, ತಡೆಯುವವಳದ್ದಲ್ಲ. ಇಂಥ ಕಡೆ ಬೆಳೆದವಳು ಕ್ರಾಸ್ ಹಿಡಿಯಲು ತಡಬಡಿಸಿದರೆ "ಮಹಿಳೆಯರಿಗೆ ಗೋಲ್‌ಕೀಪಿಂಗ್ ಬರುವುದಿಲ್ಲ" ಎಂದು ನಗುವುದು, ಈಜು ಕಲಿಸದೆ ನೀರಿಗೆ ತಳ್ಳಿ ಮುಳುಗಿದಳು ಎಂದು ನಕ್ಕ ಹಾಗೆ.

ಪ್ರತ್ಯೇಕ ಕೋಚ್, ಪೂರ್ಣಾವಧಿ ಸಂಬಳ, ಜಿಮ್, ವಿಡಿಯೊ ನೋಡಿ ತಪ್ಪು ತಿದ್ದುವವರು ಬಂದ ಮೇಲೆ ಏನಾಯಿತು? 2023ರ ವಿಶ್ವಕಪ್‌ನಲ್ಲಿ ಸ್ವೀಡನ್‌ನ ಜೆಚಿರಾ ಮುಸೋವಿಚ್ ಒಂದೇ ಪಂದ್ಯದಲ್ಲಿ ಅಮೆರಿಕದ 11 ಹೊಡೆತಗಳನ್ನು ತಡೆದರು. ಎತ್ತರ ಬೆಳೆದಿರಲಿಲ್ಲ, ಕಲಿಕೆ ಬೆಳೆದಿತ್ತು.

ಅರ್ಪ್ಸ್ ದಾರಿ ಈ ಬದಲಾವಣೆಯ ಎರಡೂ ಬದಿಯನ್ನು ತೋರಿಸುತ್ತದೆ. ಆರಂಭದ ವರ್ಷಗಳಲ್ಲಿ ಆಟದ ಜೊತೆಗೆ ಸಿನಿಮಾ ಮಂದಿರದಲ್ಲಿ, ಆಟಿಕೆ ಅಂಗಡಿಯಲ್ಲಿ ಕೆಲಸ ಮಾಡುತ್ತಾ, ಡಿಗ್ರಿಯನ್ನೂ ಓದಿದರು. 2017ರಲ್ಲಿ ಇಂಗ್ಲೆಂಡ್ ತಂಡ ಸೇರಿದರು. 2019ರ ವಿಶ್ವಕಪ್‌ಗೆ ಹೋದರು, ಆಡಲಿಲ್ಲ. ಆ ವರ್ಷದ ಕೊನೆಯಿಂದ ಸುಮಾರು 2 ವರ್ಷ ದೇಶದ ತಂಡದಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ಅಲ್ಲಿಗೆ ಮುಗಿಯಿತು ಎಂದೇ ಅಂದುಕೊಂಡಿದ್ದರಂತೆ. 2021ರಲ್ಲಿ ಹೊಸ ಕೋಚ್ ಸರೀನಾ ವೀಗ್‌ಮನ್ ಬಂದರು, ಕರೆದರು. ಮರುವರ್ಷ ಯೂರೋ ಕಪ್. ಆಮೇಲೆ 2022 ಮತ್ತು 2023, ಎರಡೂ ವರ್ಷ ಫಿಫಾದ ಅತ್ಯುತ್ತಮ ಮಹಿಳಾ ಗೋಲ್‌ಕೀಪರ್ ಪ್ರಶಸ್ತಿ. 2023ರ ವಿಶ್ವಕಪ್ ಫೈನಲ್‌ನಲ್ಲಿ ಸ್ಪೇನ್‌ನ ಜೆನಿ ಎರ್ಮೋಸೊ ಪೆನಾಲ್ಟಿಯನ್ನೂ ತಡೆದರು. ಆದರೂ ಇಂಗ್ಲೆಂಡ್ 0–1ರಿಂದ ಸೋತಿತು.

ಇದೇ ಟೂರ್ನಿಯ ಹೊತ್ತಿಗೆ ಇನ್ನೊಂದು ಸಣ್ಣ ವಿಷಯ ದೊಡ್ಡದಾಯಿತು. ಎಲ್ಲ ಆಟಗಾರ್ತಿಯರ ಜೆರ್ಸಿಯನ್ನೂ ಅಭಿಮಾನಿಗಳು ಕೊಳ್ಳಬಹುದಿತ್ತು, ಅರ್ಪ್ಸ್ ಹಾಕುವ ಗೋಲ್‌ಕೀಪರ್ ಜೆರ್ಸಿಯನ್ನು ಮಾತ್ರ ನೈಕಿ ಕಂಪನಿ ಮಾರಾಟಕ್ಕೇ ಇಟ್ಟಿರಲಿಲ್ಲ. ಅವರು ಅದನ್ನು ಬಹಿರಂಗವಾಗಿ ಹೇಳಿದರು. ಆನ್‌ಲೈನ್ ಮನವಿಗೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದರು. ಕೊನೆಗೆ ಕಂಪನಿ ಜೆರ್ಸಿ ತಂದಿತು, ಬೇಗನೇ ಖಾಲಿಯೂ ಆಯಿತು. ಅಂಗಡಿಯಲ್ಲಿ ಆ ಅಂಗಿ ಸಿಗದಿದ್ದರೆ ಚಿಕ್ಕ ಹುಡುಗಿಗೆ ಆ ಜಾಗ ಆಸೆಪಡಬೇಕಾದ್ದು ಎಂದು ಅನಿಸುವುದಾದರೂ ಹೇಗೆ?

ಪೆನಾಲ್ಟಿ ಎಂಬ ವಿಚಿತ್ರ ಪರೀಕ್ಷೆ

ವರ್ಷಗಟ್ಟಲೆಯ ಕೆಲಸವನ್ನು ಜನ ನೆನಪಿಡುವುದು ಕೆಲವೇ ಸೆಕೆಂಡುಗಳಿಂದ. 1999ರ ಜುಲೈ 10ರಂದು ಅಮೆರಿಕದ ರೋಸ್ ಬೌಲ್ ಮೈದಾನದಲ್ಲಿ 90,185 ಜನ ಸೇರಿದ್ದರು. ವಿಶ್ವಕಪ್ ಫೈನಲ್, ಅಮೆರಿಕ–ಚೀನಾ, 0–0. ಸಮಬಲವಾದಾಗ ಎರಡೂ ತಂಡ ಸರದಿಯಂತೆ ಪೆನಾಲ್ಟಿ ಹೊಡೆಯುವ ಶೂಟೌಟ್‌ನಲ್ಲಿ ಚೀನಾದ ಮೂರನೇ ಹೊಡೆತಕ್ಕೆ ಲಿಯು ಯಿಂಗ್ ಬಂದರು. ಸ್ಕರಿ ಎಡಕ್ಕೆ ಹಾರಿ ತಡೆದರು. ಉಳಿದ ಎಲ್ಲ ಹೊಡೆತಗಳೂ ಗೋಲಾದವು, ಅಮೆರಿಕ 5–4ರಿಂದ ಗೆದ್ದಿತು.

ಆ ವಿಡಿಯೊ ಗಮನವಿಟ್ಟು ನೋಡಿದರೆ, ಚೆಂಡಿಗೆ ಕಾಲು ತಾಗುವ ಮುಂಚೆಯೇ ಸ್ಕರಿ ಗೆರೆ ಬಿಟ್ಟು ಮುಂದೆ ಬಂದಿರುವುದು ಕಾಣುತ್ತದೆ. ಅವರೇ ಅದನ್ನು ಆಮೇಲೆ ಒಪ್ಪಿಕೊಂಡಿದ್ದಾರೆ. ರೆಫರಿ ಗಮನಿಸಲಿಲ್ಲ. ಆ ಕಾಲದಲ್ಲಿ ಎಲ್ಲ ಕೀಪರ್‌ಗಳೂ ಹೆಚ್ಚುಕಡಿಮೆ ಹಾಗೇ ಮಾಡುತ್ತಿದ್ದರು.

20 ವರ್ಷಗಳ ನಂತರ ನಿಯಮವನ್ನು ಬಿಗಿ ಮಾಡಿದರು. 2019ರಿಂದ, ಹೊಡೆಯುವ ಕ್ಷಣದಲ್ಲಿ ಕೀಪರ್‌ಳ ಒಂದು ಪಾದದ ಸ್ವಲ್ಪ ಭಾಗವಾದರೂ ಗೆರೆಯ ಮೇಲೆ ಅಥವಾ ಗೆರೆಯ ನೇರಕ್ಕೆ ಇರಬೇಕು. ವಿಡಿಯೊ ರೆಫರಿ ಅದನ್ನು ಅಂಗುಲ ಅಂಗುಲ ಅಳೆಯುತ್ತಾರೆ. ಹೊಸ ನಿಯಮದ ಬಿಸಿ ತಟ್ಟಿದ್ದು ಅದೇ ವರ್ಷದ ಮಹಿಳಾ ವಿಶ್ವಕಪ್‌ಗೆ. ಫ್ರಾನ್ಸ್‌ನ ವೆಂಡಿ ರೆನಾರ್ ಪೆನಾಲ್ಟಿ ಕಂಬಕ್ಕೆ ಬಡಿಯಿತು. ನೈಜೀರಿಯಾದ ಕೀಪರ್ ಚಿಯಾಮಾಕಾ ನಾಡೋಜಿಗೆ ಆಗ 18 ವರ್ಷ. ಅವರು ಸಂಭ್ರಮಿಸುವ ಮೊದಲೇ ಗೆರೆ ಬಿಟ್ಟಿದ್ದೀರಿ, ಮತ್ತೆ ಹೊಡೆಯಲಿ ಎಂಬ ತೀರ್ಪು ಬಂತು. ಎರಡನೇ ಸಲ ಗೋಲು, ಪಂದ್ಯವೂ ಹೋಯಿತು. ಸ್ಕಾಟ್ಲೆಂಡ್‌ನ ಲೀ ಅಲೆಕ್ಸಾಂಡರ್ ಅರ್ಜೆಂಟೀನಾ ಎದುರು ಪಂದ್ಯದ ಕೊನೆಯಲ್ಲಿ ಪೆನಾಲ್ಟಿ ತಡೆದರು. ಅದನ್ನೂ ಮತ್ತೆ ಹೊಡೆಸಿದರು, 3–0 ಮುಂದಿದ್ದ ತಂಡ 3–3ಕ್ಕೆ ಬಂದು ಮನೆಗೆ ಹೋಯಿತು. ಗಲಾಟೆ ಎಷ್ಟಾಯಿತೆಂದರೆ, ಶೂಟೌಟ್‌ನಲ್ಲಿ ಈ ತಪ್ಪಿಗೆ ಹಳದಿ ಕಾರ್ಡ್ ಬೇಡ ಎಂದು ಟೂರ್ನಿಯ ಮಧ್ಯದಲ್ಲೇ ವಿನಾಯಿತಿ ಕೊಟ್ಟರು. ಹೊಡೆತ ಹೊರಗೆ ಹೋದರೆ ಅಥವಾ ಕಂಬಕ್ಕೆ ಬಡಿದರೆ ಕೀಪರ್ ಗೆರೆ ಬಿಟ್ಟಿದ್ದನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯಬಾರದು ಎಂದು 2020ರಲ್ಲಿ ತಿದ್ದಿದರು. ನಾಡೋಜಿಗೆ ಆದ ಹಾಗೆ ಈಗ ಆಗುವುದಿಲ್ಲ.

ಅವರು ಅಲ್ಲಿಗೇ ನಿಲ್ಲಲಿಲ್ಲ. 2023ರಲ್ಲಿ ಕೆನಡಾದ ಕ್ರಿಸ್ಟೀನ್ ಸಿಂಕ್ಲೇರ್ ಪೆನಾಲ್ಟಿ ಹೊಡೆದಾಗ ಪಾದ ಗೆರೆಯ ಮೇಲಿಟ್ಟೇ ತಡೆದರು.

ಇಂಗ್ಲೆಂಡ್‌ನಲ್ಲೂ ಸರದಿ ಮುಂದಕ್ಕೆ ಸರಿಯಿತು. 2025ರ ಯೂರೋ ಕಪ್‌ಗೆ ಸುಮಾರು 5 ವಾರ ಇರುವಾಗ ಅರ್ಪ್ಸ್ ದೇಶದ ತಂಡದಿಂದ ನಿವೃತ್ತರಾದರು. ಜಾಗ ಹ್ಯಾನಾ ಹ್ಯಾಂಪ್ಟನ್‌ಗೆ ಹೋಗಿತ್ತು. ಹ್ಯಾಂಪ್ಟನ್‌ಗೆ ಹುಟ್ಟಿನಿಂದಲೇ ಮಾಲುಗಣ್ಣಿನ ತೊಂದರೆ, ದೂರ ಅಳೆಯುವುದು ಕಷ್ಟ. ಚಿಕ್ಕಂದಿನಲ್ಲಿ ಶಸ್ತ್ರಚಿಕಿತ್ಸೆಗಳಾಗಿದ್ದವು. ಫುಟ್‌ಬಾಲ್ ನಿನಗಲ್ಲ ಎಂದು ವೈದ್ಯರು ಹೇಳಿದ್ದರಂತೆ. ಅದರಲ್ಲೂ ಗೋಲ್‌ಕೀಪರ್! ಯೂರೋ ಕ್ವಾರ್ಟರ್‌ಫೈನಲ್‌ನಲ್ಲಿ ಮೂಗಿನಿಂದ ರಕ್ತ ಸುರಿಯುತ್ತಿದ್ದರೂ ಆಡಿ, ಸ್ವೀಡನ್ ಎದುರು ಶೂಟೌಟ್ ಗೆಲ್ಲಿಸಿದರು. ಫೈನಲ್‌ನಲ್ಲಿ ಸ್ಪೇನ್‌ನ ಮರಿಯೋನಾ ಕಾಲ್ಡೆಂತೆ ಮತ್ತು ಐತಾನಾ ಬೋನ್ಮತಿ ಹೊಡೆತಗಳನ್ನು ತಡೆದರು. ಆ ವರ್ಷ ಮಹಿಳೆಯರಿಗಾಗಿ ಮೊದಲ ಸಲ ಕೊಟ್ಟ, ಅತ್ಯುತ್ತಮ ಗೋಲ್‌ಕೀಪರ್‌ಗೆ ಸಲ್ಲುವ ಯಾಶಿನ್ ಟ್ರೋಫಿ ಅವರಿಗೇ ಬಂತು. ಪುರುಷರಿಗೆ ಆ ಪ್ರಶಸ್ತಿ 2019ರಿಂದಲೇ ಇತ್ತು.

ಆ ಸ್ವೀಡನ್ ಪಂದ್ಯದ ಇನ್ನೊಂದು ತುದಿಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಸ್ವೀಡನ್‌ನ ಕೀಪರ್ ಜೆನಿಫರ್ ಫಾಲ್ಕ್ ಇಂಗ್ಲೆಂಡ್‌ನ 4 ಹೊಡೆತ ತಡೆದಿದ್ದರು. ನಾಲ್ಕು! ತಂಡದ ಐದನೇ ಹೊಡೆತಕ್ಕೆ ಅವರೇ ಬಂದರು. ಗೋಲಾಗಿದ್ದರೆ ಗೆಲುವು. ಚೆಂಡು ಕಂಬದ ಮೇಲಿಂದ ಹಾರಿಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಕೈ ಸಾಲದು, ಕಾಲೂ ಬೇಕು

1992ರಲ್ಲಿ ಬಂದ ಒಂದು ನಿಯಮ ಈ ಕೆಲಸವನ್ನೇ ಬದಲಿಸಿತು. ತನ್ನ ತಂಡದವಳು ಬೇಕೆಂದೇ ಕಾಲಿನಲ್ಲಿ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯುವ ಹಾಗಿಲ್ಲ. ಅಂದಿನಿಂದ ಕೀಪರ್ ಕಾಲಲ್ಲೂ ಆಡಬೇಕಾದ ಹನ್ನೊಂದನೇ ಆಟಗಾರ್ತಿ. ಎದುರಾಳಿ ಮೈಮೇಲೆ ಬೀಳುವಾಗ ಕಾಲಲ್ಲಿ ಚೆಂಡು ನಿಲ್ಲಿಸಿ, ತಲೆಯೆತ್ತಿ, 40 ಮೀಟರ್ ದೂರದ ಗೆಳತಿಗೆ ಪಾಸ್ ಕೊಡಬೇಕು. 2025ರ ನಿಯಮ ಇನ್ನೂ ಅವಸರ ತಂದಿದೆ. ಕೈಯಲ್ಲಿ ಚೆಂಡನ್ನು 8 ಸೆಕೆಂಡ್‌ಗಿಂತ ಜಾಸ್ತಿ ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್. ಕೊನೆಯ 5 ಸೆಕೆಂಡನ್ನು ರೆಫರಿ ಕೈಯೆತ್ತಿ ಬೆರಳಲ್ಲಿ ಎಣಿಸುತ್ತಾರೆ.

ಮೈ ಕೊಡುವ ಲೆಕ್ಕ

ಗೋಲ್‌ಕೀಪರ್ ವೃತ್ತಿ ನಿಧಾನವಾಗಿ ಬೆಳೆಯುತ್ತದೆ, ಮುಗಿಯುವುದು ಮಾತ್ರ ಒಮ್ಮೊಮ್ಮೆ ಒಂದೇ ಏಟಿಗೆ. ಎಲ್ಲರೂ ಕಾಲು ಮುಂದಿಡುವ ಕಡೆ ಇವಳು ತಲೆ ಮುಂದಿಡುತ್ತಾಳೆ. 2010ರ ಏಪ್ರಿಲ್‌ನಲ್ಲಿ ಒಂದು ಕ್ಲಬ್ ಪಂದ್ಯ. 38 ವರ್ಷದ ಸ್ಕರಿ ಕೆಳಗೆ ಬಗ್ಗಿ ಚೆಂಡು ಹಿಡಿಯುತ್ತಿದ್ದಾಗ ಎದುರಾಳಿಯ ಮಂಡಿ ಅವರ ಕಪಾಲಕ್ಕೆ ಬಡಿಯಿತು. ಚೆಂಡು ಕೈಯಲ್ಲೇ ಇತ್ತು. ಎದ್ದು ಮೊದಲ ಅರ್ಧ ಆಡಿ ಮುಗಿಸಿದರು. ಅದೇ ಅವರ ಕೊನೆಯ ಪಂದ್ಯ. ತಲೆನೋವು, ಮರೆವು, ಖಿನ್ನತೆ ವರ್ಷಗಟ್ಟಲೆ ಬಿಡಲಿಲ್ಲ. ಕೈಯಲ್ಲಿ ಹಣವಿಲ್ಲದೆ ಒಲಿಂಪಿಕ್ ಚಿನ್ನದ ಪದಕಗಳನ್ನು 18,000 ಡಾಲರ್‌ಗೆ ಒತ್ತೆ ಇಟ್ಟರು. 2013ರಲ್ಲಿ ತಲೆಯ ಹಿಂಭಾಗದ ನರಕ್ಕೆ ಶಸ್ತ್ರಚಿಕಿತ್ಸೆಯಾದ ಮೇಲೆ ಚೇತರಿಸಿಕೊಂಡರು, ಪದಕಗಳನ್ನೂ ಬಿಡಿಸಿಕೊಂಡರು. 2017ರಲ್ಲಿ ಅಮೆರಿಕದ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು. ಆ ಗೌರವ ಪಡೆದ ಮೊದಲ ಮಹಿಳಾ ಗೋಲ್‌ಕೀಪರ್ ಅವರೇ. 90,185 ಜನರ ಎದುರು ದೇಶಕ್ಕೆ ಕಪ್ ತಂದುಕೊಟ್ಟವರು ಪದಕ ಒತ್ತೆ ಇಡಬೇಕಾಯಿತು ಎಂಬುದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಕೆಲವರ ವೃತ್ತಿ ಮುಗಿದು ಮತ್ತೆ ಚಿಗುರುವುದೂ ಉಂಟು. ಶಾಂಘೈಯಲ್ಲಿ 11 ಗೋಲು ತಿಂದ ಕೊರೆಯಾ ಕೆಲವು ವರ್ಷ ಆಟವನ್ನೇ ಬಿಟ್ಟಿದ್ದರು. ಅವಳಿ ಮಕ್ಕಳ ತಾಯಿಯಾದರು. ಆಮೇಲೆ ವಾಪಸ್ ಬಂದರು. 2019ರ ಜೂನ್‌ನಲ್ಲಿ, 35ನೇ ವಯಸ್ಸಿನಲ್ಲಿ, ಜಪಾನ್ ಎದುರು ಒಂದೂ ಗೋಲು ಬಿಡದೆ 0–0 ಮಾಡಿಕೊಂಡರು. ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ಮಹಿಳೆಯರಿಗೆ ಸಿಕ್ಕ ಮೊಟ್ಟಮೊದಲ ಪಾಯಿಂಟ್ ಅದು. 4 ದಿನಗಳ ನಂತರ ಇಂಗ್ಲೆಂಡ್‌ನ ನಿಕಿತಾ ಪ್ಯಾರಿಸ್ ಪೆನಾಲ್ಟಿ ಹೊಡೆದಾಗ ಎಡಕ್ಕೆ ಚಾಚಿ ಕಂಬದ ಕಡೆಗೆ ತಳ್ಳಿದರು. ಪಂದ್ಯ 0–1ರಿಂದ ಸೋತರು. ಆದರೆ ಆ ತಡೆಯನ್ನು ನೋಡಿದವರು ಮರೆತಿಲ್ಲ.

ಇನ್ನು ಆಂಗರರ್. 2013ರ ಯೂರೋ ಫೈನಲ್‌ನಲ್ಲಿ ನಾರ್ವೆಯ 2 ಪೆನಾಲ್ಟಿ ತಡೆದು, ಆ ವರ್ಷ ಫಿಫಾದ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡರು. ಗೋಲ್‌ಕೀಪರ್ ಒಬ್ಬರಿಗೆ ಆ ಪ್ರಶಸ್ತಿ ಬಂದಿದ್ದು ಪುರುಷ, ಮಹಿಳೆ ಎರಡೂ ಕಡೆ ಸೇರಿಸಿ ಅದೇ ಮೊದಲು. 2015ರಲ್ಲಿ ಆಟ ಬಿಟ್ಟು ಅಮೆರಿಕದ ಪೋರ್ಟ್‌ಲ್ಯಾಂಡ್ ಥಾರ್ನ್ಸ್ ಕ್ಲಬ್‌ಗೆ ಗೋಲ್‌ಕೀಪರ್ ಕೋಚ್ ಆದರು. ಅಲ್ಲಿ ಅವರ ಕೈಕೆಳಗೆ ಏಡ್ರಿಯಾನಾ ಫ್ರಾಂಚ್ ಎಂಬ ಕೀಪರ್ ಇದ್ದರು. 2017 ಮತ್ತು 2018, ಎರಡು ವರ್ಷ ಲೀಗ್‌ನ ಅತ್ಯುತ್ತಮ ಗೋಲ್‌ಕೀಪರ್. ಆದರೂ ದೇಶದ ತಂಡದಲ್ಲಿ ನೇಯರ್ ಹಿಂದೆ ಸರದಿಯಲ್ಲಿ.

2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್ ಸೆಮಿಫೈನಲ್. ನೇಯರ್ ಎತ್ತರದ ಚೆಂಡಿಗೆ ಹಾರಿ ಕೆಳಗೆ ಬಿದ್ದಾಗ ಕಾಲು ತಿರುಚಿತು. ಸ್ವಲ್ಪ ಹೊತ್ತು ಕುಂಟುತ್ತಾ ನೋಡಿದರು, ಆಗಲಿಲ್ಲ. ಪಂದ್ಯದ 30ನೇ ನಿಮಿಷ. ಬೆಂಚಿನ ತುದಿಯಲ್ಲಿದ್ದ ಫ್ರಾಂಚ್ ಜಾಕೆಟ್ ತೆಗೆದು, ಗ್ಲೌಸ್‌ನ ಪಟ್ಟಿ ಬಿಗಿ ಮಾಡಿಕೊಂಡು ಗೋಲಿನ ಕಡೆ ಓಡಿದರು. ಕೆನಡಾ ಒಂದು ಪೆನಾಲ್ಟಿ ಹೊಡೆದು ಗೆದ್ದಿತು. 3 ದಿನ ಬಿಟ್ಟು ಕಂಚಿನ ಪಂದ್ಯದಲ್ಲಿ ಮೊದಲಿನಿಂದಲೇ ಅವರು ನಿಂತರು. ಅಮೆರಿಕ 4–3ರಿಂದ ಗೆದ್ದಿತು. ಮುಂದಿನ ವಿಶ್ವಕಪ್ ಬಂದಾಗ ಗೋಲಿನಲ್ಲಿ ಮತ್ತೆ ನೇಯರ್ ಇದ್ದರು.